ತೂತಿಲ್ಲದ ಸೊಪ್ಪು

ಮೊನ್ನೆ ಒಂದು ಹಿಡಿ ಹರಿವೆ ಸೊಪ್ಪಿಗೆ ಅರವತ್ತೆಂಟು ರೂಪಾಯಿ ಕೊಟ್ಟು ಬಂದೆ. ಒಂದು ಹಿಡಿ ಎಂದರೆ ಮಾತಿಗೆ ಹೇಳಿದ್ದಲ್ಲ, ಲೆಕ್ಕಕ್ಕೆ ಒಂದೇ ಹಿಡಿ. ಬಾಣಲೆಯಲ್ಲಿ ಬಾಡಿದ ಮೇಲೆ ಎರಡು ಚಮಚ. ಕೊಟ್ಟವನು ನಾನು ಎಂದರೆ ನನ್ನನ್ನು ಬಲ್ಲವರು ನಂಬಲಿಕ್ಕಿಲ್ಲ. ಮೂವತ್ತೈದು ವರ್ಷ ದಾವಣಗೆರೆಯಲ್ಲಿ ಗೋಣಿಚೀಲದ ವ್ಯಾಪಾರ ಮಾಡಿದವನು ನಾನು. ಹೇಳಿದ ಬೆಲೆಗೆ ಏನನ್ನಾದರೂ ಕೊಂಡ ದಿನ ನನಗೆ ಊಟ ಸೇರುವುದಿಲ್ಲ. ತಾಳಿ ಕಟ್ಟುವ ಮುಂಚೆ ಕೂಡ ನಾನು ವಾಲಗದವರ ಜೊತೆ ಚೌಕಾಸಿ ಮಾಡುತ್ತಿದ್ದೆ ಎಂದು ಹೆಂಡತಿ ಗಿರಿಜಾ ಇಂದಿಗೂ ಬಂದವರಿಗೆಲ್ಲ ಹೇಳುತ್ತಾಳೆ. ಅದು ಪೂರ್ತಿ ಸುಳ್ಳೇನಲ್ಲ.

ಆದರೆ ಆ ಅಂಗಡಿಯಲ್ಲಿ ಚೌಕಾಸಿ ಮಾಡಲು ಎದುರಿಗೆ ಯಾರೂ ಇರಲಿಲ್ಲ. ಅದು ಸೊಪ್ಪಿಗೂ ಎ.ಸಿ. ಹಾಕಿಸಿರುವ ದೊಡ್ಡ ಅಂಗಡಿ. ಪೊಟ್ಟಣದ ಮೇಲೆ ತೊಳೆದದ್ದು, ಪರೀಕ್ಷೆ ಮಾಡಿದ್ದು, ಸುರಕ್ಷಿತವಾದದ್ದು ಎಂದು ಹಸಿರು ಅಕ್ಷರದಲ್ಲಿ ಬರೆದಿತ್ತು. ನಾನು ಕನ್ನಡಕ ಏರಿಸಿಕೊಂಡು ಪೊಟ್ಟಣವನ್ನು ಟ್ಯೂಬ್‌ಲೈಟಿಗೆ ಹಿಡಿದು ಒಂದೊಂದೇ ಎಲೆ ನೋಡುತ್ತ ನಿಂತೆ. ಹಸಿರು ಟೀ ಶರ್ಟಿನ ಹುಡುಗಿಯೊಬ್ಬಳು ಬಂದು, "ಏನ್ ಹುಡುಕ್ತಿದೀರ ಅಂಕಲ್?" ಎಂದಳು.

"ತೂತಮ್ಮ" ಎಂದೆ.

"ಡ್ಯಾಮೇಜ್ ಇದ್ದಿದ್ದೆಲ್ಲ ಬೆಳಿಗ್ಗೆನೇ ತೆಗೆದುಬಿಡ್ತೀವಿ ಅಂಕಲ್, ಟೆನ್ಶನ್ ಬ್ಯಾಡ" ಎಂದು ಧೈರ್ಯ ಹೇಳಿ ಹೋದಳು. ನನಗೆ ಬೇಕಾಗಿದ್ದದ್ದೇ ಆ ಡ್ಯಾಮೇಜು ಎಂದು ಅವಳಿಗೆ ಹೇಗೆ ಹೇಳಲಿ? ಅದನ್ನು ಹೇಳಬೇಕಾದರೆ ಹಾಲಮ್ಮನಿಂದ ಶುರು ಮಾಡಬೇಕು. ಹಾಲಮ್ಮನಿಂದ ಶುರು ಮಾಡಬೇಕಾದರೆ ಅದಕ್ಕೂ ಮುಂಚೆ ನನ್ನ ಕಸುಬಿನ ಬಗ್ಗೆ ನಾಲ್ಕು ಮಾತು ಹೇಳಬೇಕು.

ಹಳೆಯ ಗೋಣಿಚೀಲ ಕೊಂಡು, ಝಾಡಿಸಿ, ತೇಪೆ ಹಾಕಿಸಿ, ಮೆಕ್ಕೆಜೋಳದ ಸುಗ್ಗಿಗೆ ಮಾರುವುದು ನನ್ನ ದಂಧೆ. ಇದರಲ್ಲಿ ಇರುವುದು ಒಂದೇ ವಿದ್ಯೆ. ಚೀಲದ ಬಾಯಿ ಅಗಲಿಸಿ, ಬಿಸಿಲಿಗೆ ಎತ್ತಿ ಹಿಡಿದು, ಒಳಗೆ ತಲೆ ಹಾಕಿ ನೋಡಬೇಕು. ತೂತು ಇದ್ದರೆ ಹಗಲಲ್ಲೇ ನಕ್ಷತ್ರ ಕಂಡ ಹಾಗೆ ಕಾಣುತ್ತದೆ. ಒಂದು ನಕ್ಷತ್ರಕ್ಕೆ ಇಷ್ಟು, ಎರಡಕ್ಕೆ ಇಷ್ಟು ಎಂದು ಬೆಲೆ ಇಳಿಸುತ್ತ ಹೋಗುವುದು. ಹರಿಹರದಿಂದ ಬರಿಗೈಯಲ್ಲಿ ಬಂದು, ಹಮಾಲರ ಜೊತೆ ಚೀಲ ಝಾಡಿಸಿ, ಕೊನೆಗೆ ಎಸ್.ಎಸ್. ಬಡಾವಣೆಯಲ್ಲಿ ಮನೆ ಕಟ್ಟಿದ್ದು ಇದೊಂದೇ ವಿದ್ಯೆಯಿಂದ. ಹಾಗಾಗಿ ಲೋಕದ ಎಲ್ಲ ವಸ್ತುವಿಗೂ ಇದೇ ಅಳತೆ ಸಾಕು ಎಂದು ನಾನು ತಿಳಿದದ್ದರಲ್ಲಿ ಆಶ್ಚರ್ಯವಿಲ್ಲ. ಮಗಳಿಗೆ ಗಂಡು ನೋಡಲು ಹೋದಾಗಲೂ ಹುಡುಗನನ್ನು ಬಿಸಿಲಿಗೆ ನಿಲ್ಲಿಸಿದ್ದೆ ಎಂದು ಗಿರಿಜಾ ತಮಾಷೆ ಮಾಡುತ್ತಾಳೆ.

ಹಾಲಮ್ಮ ಶಾಮನೂರಿನವಳು. ಸುತ್ತಲ ಹೊಲಗಳೆಲ್ಲ ಸೈಟಾದರೂ ಊರೊಳಗಿನ ಅವಳ ಮನೆಯ ಹಿತ್ತಲು ಉಳಿದಿತ್ತು. ಅಲ್ಲಿ ಬೆಳೆದ ಮೆಂತ್ಯ, ಹರಿವೆ, ಪಾಲಕ್ ಬುಟ್ಟಿಯಲ್ಲಿ ಹೊತ್ತು ಬೆಳಿಗ್ಗೆ ಏಳರ ಹೊತ್ತಿಗೆ ನಮ್ಮ ಓಣಿಗೆ ಬರುತ್ತಿದ್ದಳು. ಮೊದಲ ದಿನವೇ ನಾನು ಕಟ್ಟಿನಿಂದ ಒಂದು ಎಲೆ ಎಳೆದು ಬಿಸಿಲಿಗೆ ಹಿಡಿದೆ. ಐದಾರು ನಕ್ಷತ್ರ ಕಂಡವು. ತೂತಿನ ಚೀಲಕ್ಕೆ ಅರ್ಧ ದರ, ತೂತಿನ ಎಲೆಗೂ ಹಾಗೇ ಎಂದೆ.

ಅವಳು ಬುಟ್ಟಿಯನ್ನು ಕಟ್ಟೆಯ ಮೇಲಿಟ್ಟು ಸೊಂಟಕ್ಕೆ ಕೈಕೊಟ್ಟಳು. "ಸೊಪ್ಪಿನಾಗೆ ಮೆಕ್ಕೆಜೋಳ ತುಂಬ್ತೀರೇನ್ರಿ ಸಾವ್ಕಾರ್ರೇ, ಸೋರಿ ಹೋಗಾಕೆ?"

ಓಣಿಯ ಹೆಂಗಸರೆಲ್ಲ ನಕ್ಕರು. ಚೌಕಾಸಿಯಲ್ಲಿ ಎದುರಾಳಿ ನಗಿಸಿದರೆ ಅರ್ಧ ಸೋತ ಹಾಗೆ. ಆದರೆ ನಾನು ಸೋಲಲಿಲ್ಲ. ದಿನಾ ಎಲೆ ಎತ್ತಿ ಹಿಡಿದೆ, ದಿನಾ ಎರಡು ರೂಪಾಯಿ ಇಳಿಸಿದೆ. ಅಷ್ಟಕ್ಕೇ ಸುಮ್ಮನಾಗಿದ್ದರೆ ನಷ್ಟ ಒಂದೇ ಮನೆಯದಾಗುತ್ತಿತ್ತು. ಆದರೆ ಉಪದೇಶ ಮಾಡುವುದು ನನಗೆ ಹುಟ್ಟಿನಿಂದ ಬಂದ ಚಟ. ಬಿಟ್ಟಿ ಕೊಡುವುದು ಅದೊಂದನ್ನೇ. ಎದುರುಮನೆಯವರಿಗೆ, ಮೇಲ್ಮನೆಯ ಬಾಡಿಗೆಯವರಿಗೆ, ಮೂಲೆಮನೆಯ ಟೀಚರಮ್ಮನಿಗೆ, ಎಲ್ಲರಿಗೂ ಎಲೆ ಎತ್ತಿ ಹಿಡಿಯುವುದನ್ನು ಕಲಿಸಿಕೊಟ್ಟೆ. ಒಂದು ತಿಂಗಳಲ್ಲಿ ಹಾಲಮ್ಮ ಬಂದರೆ ಸಾಕು, ಓಣಿಯ ತುಂಬ ಕೈಗಳು ಸೂರ್ಯನಮಸ್ಕಾರಕ್ಕೆ ಎದ್ದ ಹಾಗೆ ಮೇಲೇಳುತ್ತಿದ್ದವು.

ಮತ್ತೆ ಎರಡು ಮೂರು ತಿಂಗಳಲ್ಲಿ ಸೊಪ್ಪು ಸುಧಾರಿಸಿತು. ಎಲೆ ಅಗಲ, ಬಣ್ಣ ಕಪ್ಪು ಹಸಿರು, ಬಿಸಿಲಿಗೆ ಹಿಡಿದರೆ ಒಂದೂ ನಕ್ಷತ್ರವಿಲ್ಲ. ಗಿರಾಕಿ ಗಟ್ಟಿಯಿದ್ದರೆ ಮಾಲು ತಾನಾಗಿ ಗಟ್ಟಿಯಾಗುತ್ತದೆ ಎಂದು ನಾನು ಜಗಲಿಯ ಮೇಲೆ ಕೂತು ಭಾಷಣ ಮಾಡಿದೆ. ಪೂರ್ತಿ ದರ ಕೊಟ್ಟೆ. ನ್ಯಾಯ ಎಂದರೆ ನ್ಯಾಯ.

ಒಂದು ವಿಷಯ ಮಾತ್ರ ಕಿರಿಕಿರಿ ಮಾಡುತ್ತಿತ್ತು. ನಮ್ಮ ಕಡೆ ಕೊಸರು ಹಾಕುವ ಪದ್ಧತಿ ನಿಮಗೆ ಗೊತ್ತೇ ಇದೆ. ಅಳತೆ ಮುಗಿದ ಮೇಲೆ ಮಾರುವವರು ಮನಸ್ಸಿನಿಂದ ಹಾಕುವ ಇನ್ನೊಂದು ಹಿಡಿ ಅದು. ಅದನ್ನು ಕೇಳಬಾರದು, ಕೊಟ್ಟರೆ ಬೇಡ ಎನ್ನಬಾರದು. ಹಾಲಮ್ಮ ನಮ್ಮ ಮನೆಗೆ ದಿನಾ ಒಂದು ಹಿಡಿ ಹರಿವೆಯನ್ನು ಕೊಸರು ಹಾಕುತ್ತಿದ್ದಳು. ಕಟ್ಟಿನಲ್ಲಿದ್ದ ಎಲೆ ಕನ್ನಡಿಯ ಹಾಗಿದ್ದರೆ ಈ ಕೊಸರಿನ ಎಲೆ ಜರಡಿಯ ಹಾಗೆ. ಹಾಳುಮೂಳನ್ನು ಕೊಸರಿನ ಹೆಸರಲ್ಲಿ ದಾಟಿಸುತ್ತಾಳೆ, ಜಾಣೆ, ಎಂದುಕೊಂಡೆ. ಅವಳು ಓಣಿ ತಿರುಗಿದ ಮೇಲೆ ಆ ಹಿಡಿಯನ್ನು ತೆಗೆದು, ಗೇಟಿನ ಹತ್ತಿರ ಬರುತ್ತಿದ್ದ ಕೆಂದ ಹಸುವಿನ ಬಾಯಿಗೆ ಇಡುತ್ತಿದ್ದೆ. ಆಗ ಮನೆಯಲ್ಲಿ ಮಗಳ ಬಾಣಂತನ ನಡೆದಿತ್ತು. ಹುಳ ತಿಂದ ಸೊಪ್ಪು ಒಲೆಯ ಹತ್ತಿರ ಹೋಗಕೂಡದು ಎಂದು ಗಿರಿಜಾಳಿಗೆ ಕಟ್ಟಪ್ಪಣೆ ಮಾಡಿದ್ದೆ. ಬಾಣಂತಿಗೆ ಚೆಂದದ ಕಟ್ಟು, ಹಸುವಿಗೆ ಕೊಸರು.

ಐದು ತಿಂಗಳು ತುಂಬಿ ಮಗಳು ಕೂಸಿನೊಂದಿಗೆ ಗಂಡನ ಮನೆಗೆ, ಹರಿಹರಕ್ಕೆ, ಹೋದಳು. ಅದೇ ಸುಮಾರಿಗೆ ಹಾಲಮ್ಮ ಬರುವುದು ನಿಂತಿತು. ಒಂದು ವಾರ ಕಾದೆ, ಎರಡು ವಾರ ಕಾದೆ. ಬೇರೆ ಓಣಿಯವರು ಹೆಚ್ಚಿಗೆ ಕೊಟ್ಟು ಅವಳನ್ನು ಸೆಳೆದುಕೊಂಡಿದ್ದಾರೆ ಎಂಬ ಅನುಮಾನ ನನ್ನದು. ಮಾತಾಡಿ ಸರಿಮಾಡಿಕೊಂಡು ಬರೋಣ ಎಂದು ಸ್ಕೂಟರ್ ತೆಗೆದುಕೊಂಡು ಶಾಮನೂರಿಗೆ ಹೋದೆ.

ಹಿತ್ತಲ ಬಾಗಿಲಲ್ಲಿ ಒಗೆಯುವ ಕಲ್ಲಿನ ಮೇಲೆ ಹಾಲಮ್ಮ ಕೂತಿದ್ದಳು. ಕಣ್ಣು ಕೆಂಪಗಿದ್ದವು. ಬೆನ್ನಿಗೆ ಕಟ್ಟಿಕೊಂಡು ಹೊಡೆಯುವ ಪಂಪು ಗೋಡೆಗೆ ನೇತುಹಾಕಿತ್ತು. ಹೊಲಕ್ಕೆ ಹೊಡೆಯುವ ಕೀಟನಾಶಕದ, ನಮ್ಮ ಕಡೆಯ ಮಾತಿನಲ್ಲಿ ಎಣ್ಣೆಯ, ವಾಸನೆ ನನಗೆ ಹೊಸದಲ್ಲ, ಎಷ್ಟೋ ಚೀಲಗಳಲ್ಲಿ ಮೂಸಿದ್ದೇನೆ. ಎರಡು ವಾರದ ಹಿಂದೆ ಎಣ್ಣೆ ಹೊಡೆಯುವಾಗ ಗಾಳಿ ತಿರುಗಿ ಮುಖಕ್ಕೆ ಬಡಿದು, ತಲೆ ಸುತ್ತಿ, ಸೊಪ್ಪಿನ ಮಡಿಯಲ್ಲೇ ಕುಸಿದಿದ್ದಳಂತೆ. ಎರಡು ದಿನ ದವಾಖಾನೆಯಲ್ಲಿ ಇರಬೇಕಾಯಿತಂತೆ. ಇನ್ನು ಪಂಪು ಮುಟ್ಟಬೇಡ, ವ್ಯಾಪಾರವೂ ಬೇಡ ಎಂದು ಮಗ ಹೇಳಿದ್ದಾನೆ ಎಂದಳು.

"ಅಂಗೈಯಗಲ ಹಿತ್ತಲಿಗೆ ಎಣ್ಣಿ ಯಾಕ ಹೊಡದಿ ಹಾಲಮ್ಮ?" ಎಂದೆ.

"ನಿಮ್ಮ ಓಣಿಯಾಗೆ ತೂತಿಂದು ಯಾರ್ ತಗಂತಾರ್ರಿ?" ಎಂದಳು. ದನಿಯಲ್ಲಿ ಸಿಟ್ಟು ಇರಲಿಲ್ಲ. ಈವತ್ತು ಬಿಸಿಲು ಜಾಸ್ತಿ ಎಂದ ಹಾಗೆ ಹೇಳಿದಳು.

ನಾನು ಬೇರೆ ಎಲ್ಲಾದರೂ ನೋಡಬೇಕಲ್ಲ ಎಂದು ಹಿತ್ತಲು ನೋಡಿದೆ. ಮೂರು ಮಡಿ ಒಣಗಿದ್ದವು. ಬಚ್ಚಲ ಪಕ್ಕದ ನಾಲ್ಕನೆಯದರಲ್ಲಿ ಮಾತ್ರ ಹರಿವೆ ನಳನಳಿಸುತ್ತಿತ್ತು. ಎಲೆಯ ತುಂಬ ತೂತು. ಅದನ್ನು ನೋಡಿದ ಕೂಡಲೇ ವ್ಯಾಪಾರಿಯ ನಾಲಗೆ ತಾನಾಗಿ ಎದ್ದಿತು. ಕಟ್ಟಿಗೆ ಐವತ್ತು ಕೊಡುತ್ತೇನೆ, ದಿನಾ ನಾನೇ ಬಂದು ಒಯ್ಯುತ್ತೇನೆ ಎಂದೆ. ಜೀವನದಲ್ಲಿ ಮೊದಲ ಸಲ ದರ ಏರಿಸುತ್ತ ಹೋದವನು ನಾನು.

"ಅದು ಮಾರೋದಲ್ರಿ. ಮನಿಗೆ. ಅದಕ್ಕೆ ಎಣ್ಣಿ ಮುಟ್ಟಿಸಿಲ್ಲ." ನನ್ನ ಮುಖ ನೋಡಿ ಪಾಪ ಅನ್ನಿಸಿರಬೇಕು, ಮತ್ತೆ ಹೇಳಿದಳು: "ನಿಮಗೇನ್ ಕೊಡದೆ ಬಿಟ್ಟಿಲ್ಲ ಸಾವ್ಕಾರ್ರೇ. ಕೊಸರು ಅದರಾಗಿಂದೇ ಹಾಕ್ತಿದ್ದೆ. ಮನಿಯಾಗೆ ಬಾಣಂತಿ ಐತೆ, ಅದಾದ್ರೂ ಚಲೋದು ತಿನ್ಲಿ ಅಂತ. ಉಂಡ್ಲಾ ಮಗಳು?"

"ಉಂಡ್ಲು" ಎಂದೆ.

ವ್ಯಾಪಾರದಲ್ಲಿ ನಾನು ಹೇಳಿದ ಸುಳ್ಳುಗಳನ್ನು ಚೀಲದಲ್ಲಿ ತುಂಬಿದರೆ ಒಂದು ಲಾರಿ ಲೋಡಾಗುತ್ತದೆ. ಅವು ಯಾವುವೂ ನನಗೆ ಭಾರ ಅನ್ನಿಸಿರಲಿಲ್ಲ. ಈ ಒಂದು ಮಾತು ಮಾತ್ರ ಆ ಲಾರಿಗಿಂತ ಭಾರವಾಯಿತು. ಹೊರಟಾಗ ಹಾಲಮ್ಮ ಎದ್ದು ಹೋಗಿ ಒಂದು ಹಿಡಿ ಕಿತ್ತು, ಬಾಳೆನಾರಿನಿಂದ ಕಟ್ಟಿ ಕೈಗಿತ್ತಳು. ದುಡ್ಡು ಮುಟ್ಟಲಿಲ್ಲ. ಕೊಳ್ಳದೇ ಇದ್ದರೂ ಬಂದ ಕೊಸರು ಅದು.

ನಾನು ಮನೆಗೆ ಹೋಗಲಿಲ್ಲ. ಆ ಒಂದು ಹಿಡಿ ಸೊಪ್ಪನ್ನು ಸ್ಕೂಟರಿನ ಡಿಕ್ಕಿಯಲ್ಲಿಟ್ಟು ಸೀದಾ ಹರಿಹರಕ್ಕೆ ಹೊಡೆದೆ. ಸೊಪ್ಪಿಗಿಂತ ಪೆಟ್ರೋಲೇ ದುಬಾರಿ ಎಂಬ ಲೆಕ್ಕ ದಾರಿಯಲ್ಲಿ ನೆನಪಾಯಿತು. ಅದಕ್ಕೆ ಸುಮ್ಮನಿರು ಎಂದೆ. ಹರಿಹರ ಹತ್ತಿರವಾದಂತೆ ಅವ್ವ ನೆನಪಾದಳು. ಹೊಳೆ ದಿಕ್ಕಿಗಿದ್ದ ನಮ್ಮ ಬಾಡಿಗೆ ಮನೆಯ ಹಿಂದೆ ಅವಳು ಸೊಪ್ಪು ಹಾಕುತ್ತಿದ್ದಳು. ಹುಳ ತಿಂದದ್ದು ನನಗೆ ಬೇಡ ಎಂದು ನಾನು ತಟ್ಟೆ ತಳ್ಳಿದರೆ, "ಹುಳ ತಿಂದು ನೋಡಿ ಬಿಟ್ಟೈತೆ, ಏನೂ ಆಗಿಲ್ಲ ಅದಕ್ಕ. ನೀನೂ ತಿನ್ನು" ಎನ್ನುತ್ತಿದ್ದಳು. ಎಷ್ಟು ಅಗ್ಗದ ಪರೀಕ್ಷೆ. ಈಗ ಅದಕ್ಕೆ ಪ್ರಯೋಗಾಲಯ ಬೇಕು, ಮೊಹರು ಬೇಕು, ಹಸಿರು ಅಕ್ಷರ ಬೇಕು. ಹಿತ್ತಲ ಗಿಡ ಮದ್ದಲ್ಲ ಎಂದು ಗಾದೆ ಮಾಡಿದವರಿಗೆ ಹಿತ್ತಲಾದರೂ ಇತ್ತು. ನಾನಂತೂ ನನ್ನ ಹಿತ್ತಲಿಗೆ ಮನೆ ಕಟ್ಟಿದ ವರ್ಷವೇ ಕಾರು ನಿಲ್ಲಲಿ ಎಂದು ಸಿಮೆಂಟು ಹಾಕಿಸಿದ್ದೆ, ಅದೂ ಮೇಸ್ತ್ರಿಯ ಹತ್ತಿರ ಚೌಕಾಸಿ ಮಾಡಿ.

ಮಗಳು ಬಾಗಿಲು ತೆಗೆದು ನನ್ನ ಕೈಯಲ್ಲಿದ್ದ ಹಿಡಿಯನ್ನು ಇಸಕೊಂಡಳು. ಒಂದು ಎಲೆ ಎಳೆದಳು. ಕಿಟಕಿಯ ಬೆಳಕಿಗೆ ಎತ್ತಿ ಹಿಡಿದಳು.

"ಇದೇನಪ್ಪ, ಬರೇ ತೂತು. ಎಷ್ಟಕ್ಕೆ ಹೊಡದ್ರಿ?" ಎಂದಳು. ಫ್ರಿಜ್ಜಿನಲ್ಲಿ ಪ್ಯಾಕೆಟ್ಟಿನ ಸೊಪ್ಪು ಇದೆ, ಇದನ್ನು ಓಣಿಯ ದನಕ್ಕೆ ಹಾಕುತ್ತೇನೆ ಎಂದು ಅದನ್ನು ಪಕ್ಕಕ್ಕಿಟ್ಟಳು.

ಎಲೆ ಎತ್ತಿ ಹಿಡಿಯಲು ಕಲಿಸಿದ ಮೇಷ್ಟ್ರು ನಾನೇ. ಅಂಗಿ ತೋಳು ಮಡಚಿ, ಅಡುಗೆಮನೆಯ ನೆಲದ ಮೇಲೆ ಕೂತು, ನಾನೇ ಸೊಪ್ಪು ಸೋಸಿದೆ. ನಾನೇ ಉಪ್ಪು ನೀರಿನಲ್ಲಿ ತೊಳೆದೆ. ಅಳಿಯನ ಮನೆಯಲ್ಲಿ ಇದು ಮರ್ಯಾದೆಯ ಕೆಲಸವಲ್ಲ. ಬೀಗತಿ ಬಾಗಿಲಲ್ಲಿ ನಿಂತು ಸೆರಗು ಬಾಯಿಗಿಟ್ಟು ನಗುತ್ತಿದ್ದರು. ಮಗಳು ಬೇಳೆ ಹಾಕಿ ಬೇಯಿಸಿದಳು, ರೊಟ್ಟಿಯ ಜೊತೆ ತಿಂದಳು. "ರುಚಿ ಐತಪ್ಪ" ಎಂದಳು. ಶಾಮನೂರಿನಲ್ಲಿ ಹೇಳಿದ ಸುಳ್ಳು ಹರಿಹರದಲ್ಲಿ ನಿಜವಾಯಿತು ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ. ಆದರೆ ಐದು ತಿಂಗಳ ಬಾಕಿ ಒಂದು ಹಿಡಿಯಲ್ಲಿ ತೀರುತ್ತದೆಯೇ? ಮಗಳು, ಕೂಸು ಇಬ್ಬರೂ ಚೆನ್ನಾಗಿದ್ದಾರೆ. ಅದರಲ್ಲಿ ನನ್ನ ಜಾಣತನದ ಪಾಲು ಏನೂ ಇಲ್ಲ.

ಗಿರಿಜಾಳಿಗೆ ಹೇಳಲು ನಾಲ್ಕು ದಿನ ಬೇಕಾಯಿತು. ಅವಳು ಪೂರ್ತಿ ಕೇಳಿ, "ಹಂಗಾರೆ ನಮ್ಮ ಓಣಿಯಾಗೆ ಚಲೋ ಬಾಣಂತನ ಆಗಿದ್ದು ಆ ಹಸುವಿಂದು ಅನ್ರಿ" ಎಂದಳು. ಅವತ್ತಿನಿಂದ ಆ ಕೆಂದ ಹಸುವನ್ನು ನಾನು ಕಣ್ಣೆತ್ತಿ ನೋಡಲಾರೆ. ಮೈ ಮಾತ್ರ ಮಿರಿಮಿರಿ ಮಿಂಚುತ್ತದೆ.

ಹಾಲಮ್ಮ ಮತ್ತೆ ಬರಲಿಲ್ಲ. ಹಾಗಾಗಿ ನಾನು ಎ.ಸಿ. ಅಂಗಡಿಯಲ್ಲಿ ತೂತು ಹುಡುಕುತ್ತ ನಿಂತದ್ದು. ಅವರ ಸೊಪ್ಪು ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಹಸಿರು ಅಕ್ಷರದಲ್ಲಿ ಬರೆದದ್ದು ನಿಜವೇ ಇರಬಹುದು. ಆದರೆ ಬೆಳೆದವರು ತಮ್ಮ ಮನೆಗೆಂದು ಬಿಟ್ಟ ಮಡಿಯಲ್ಲಿ ಏನಿದೆ ಎಂದು ಕೇಳೋಣವೆಂದರೆ ಪೊಟ್ಟಣಕ್ಕೆ ಬಾಯಿಲ್ಲ. ಕೊಸರು ಹಾಕಲಿ ಎಂದರೆ ಅದಕ್ಕೆ ಕೈಯಿಲ್ಲ. ಮಹಡಿಯ ಮೇಲೆ ತೂತಿನ ಚೀಲಗಳಿಗೆ ಮಣ್ಣು ತುಂಬಿ ನಾನೂ ಹರಿವೆ ಹಾಕಿದ್ದೇನೆ. ಮೊದಲ ತೂತು ಕಂಡ ದಿನ ಗಿರಿಜಾಳನ್ನು ಕರೆದು ತೋರಿಸಿದೆ. ಹತ್ತು ದಿನದಲ್ಲಿ ಹುಳಗಳು ಮುಕ್ಕಾಲು ಚೀಲ ಮುಗಿಸಿದಾಗ ಮಾತ್ರ ನನ್ನ ಕಾಲು ಸಹ ಎಣ್ಣೆ, ಪಂಪು ಮಾರುವ ಅಂಗಡಿಯ ದಾರಿ ನೆನೆಯಿತು. ಹಾಲಮ್ಮನ ಕಷ್ಟ ಅರ್ಥವಾದದ್ದು ಆಗ.

ಚಟ ಬಿಡಲಾರೆ, ಉಪದೇಶ ಮಾಡಿಯೇ ಮುಗಿಸುತ್ತೇನೆ. ನಿಮ್ಮ ಓಣಿಗೆ ಸೊಪ್ಪಿನವಳು ಬರುತ್ತಿದ್ದರೆ ಎಲೆಯನ್ನು ಬಿಸಿಲಿಗೆ ಹಿಡಿಯಬೇಡಿ. ತೂತಿದ್ದರೆ ಒಂದು ರೂಪಾಯಿ ಹೆಚ್ಚಿಗೇ ಕೊಡಿ. ಪಕ್ಕದ ಮನೆಯವರಿಗೂ ಅದನ್ನೇ ಹೇಳಿ, ಕೆಟ್ಟ ವಿದ್ಯೆಯಷ್ಟು ಬೇಗ ಹರಡುವುದಿಲ್ಲ, ಆದರೂ ಹೇಳಿ. ಎರಡು ಮೂರು ನೀರು ಬದಲಿಸಿ ತೊಳೆಯಿರಿ. ನಿಮ್ಮ ಮನೆಗೆ ಏನು ಬೇಯಿಸುತ್ತೀಯವ್ವ ಎಂದು ಅವಳನ್ನು ಒಂದು ಸಲ ಕೇಳಿ ನೋಡಿ. ಚೌಕಾಸಿ ಬೇಕೇ ಬೇಕೆಂದರೆ ಚೀಲ, ಚಪ್ಪಲಿ, ಸೋಫಾ ಸೆಟ್ಟು ಇವುಗಳ ಮೇಲೆ ತೀರಿಸಿಕೊಳ್ಳಿ. ಕೊನೆಯದಾಗಿ, ಅವಳು ಕಟ್ಟಿನ ಮೇಲೆ ಕೊಸರು ಹಾಕಿದರೆ, ಅದು ನೋಡಲು ಹೇಗೇ ಇರಲಿ, ಆ ಹಿಡಿಯನ್ನು ಮೊದಲು ಒಲೆಗೆ ಏರಿಸಿ.