ಮೇನ್ ಇಳಿಸಿದ ಕೈ

ಗೌರಿ ಹಬ್ಬಕ್ಕೆ ಮಾದಿಹಳ್ಳಿಯ ಅತ್ತೆ ಮನೆಗೆ ಹೋದಾಗಲೆಲ್ಲ, ಎಲೆ ಮುಂದೆ ಕೂತ ಹೊತ್ತಿಗೇ ನನಗೆ ಫೋನ್ ಬರುತ್ತದೆ. ಅರಸೀಕೆರೆಯ ನಮ್ಮ ಕೊಬ್ಬರಿ ಅಂಗಡಿಯಿಂದ ಹೊರಟ ಲಾರಿಗೆ ಯಾವುದೋ ಬಿಲ್ಲು ಬೇಕಾಗಿರುತ್ತದೆ. ಬಿಲ್ ಮಾಡುವ ಸಾಫ್ಟ್‌ವೇರ್ ಇರುವುದು ಅಂಗಡಿಯ ಕಂಪ್ಯೂಟರಿನಲ್ಲಿ ಮಾತ್ರ. ನಾನು ಕೈ ತೊಳೆದು ಓಡುತ್ತೇನೆ, ಹೆಂಡತಿ ತವರಿನವರ ಮುಂದೆ ತಲೆ ತಗ್ಗಿಸುತ್ತಾಳೆ. ಈ ವರ್ಷ ಮೊದಲೇ ಹೇಳಿದ್ದಳು: “ಈ ಸಲ ಎಲೆ ಬಿಟ್ಟು ಎದ್ರೆ, ಮುಂದಿನ್ ವರ್ಷದಿಂದ ನಾನೊಬ್ಳೇ ಹೋಗ್ತೀನಿ ಕಣ್ರೀ.”

ಹೆದರಿ, ದೂರದಿಂದಲೇ ಅಂಗಡಿಯ ಕಂಪ್ಯೂಟರ್ ನಡೆಸುವ ಸಾಫ್ಟ್‌ವೇರ್ ಹುಡುಕಲು ಕೂತೆ. ಅಂಗಡಿಯದು ವಿಂಡೋಸ್. ನನ್ನ ಲ್ಯಾಪ್‌ಟಾಪ್ ಮ್ಯಾಕ್. ಯಾಕೆ ಕೊಂಡೆ ಎಂದರೆ, ಜುಟ್ಟಿಗೆ ಮಲ್ಲಿಗೆ ಹೂವು ಎನ್ನುವುದು ಬಿಟ್ಟು ಬೇರೆ ಉತ್ತರವಿಲ್ಲ. ಒಂದು ಸಾಫ್ಟ್‌ವೇರಿಗೆ ಎರಡೂ ಕಡೆ ವಿಂಡೋಸೇ ಬೇಕು. ಇನ್ನೊಂದರಲ್ಲಿ ಒತ್ತುವ ಅಕ್ಷರ ಒಂದು, ಬೀಳುವುದು ಮತ್ತೊಂದು. ಮಗದೊಂದು ನಾನು ವ್ಯಾಪಾರಿ ಎಂದು ಹೇಗೋ ಪತ್ತೆ ಹಚ್ಚಿ, ಬಿಟ್ಟಿ ನಡೆಯದು ಎಂದು ಬಾಗಿಲು ಹಾಕಿಕೊಂಡಿತು. ಕೊನೆಗೆ ಒಂದು ಎರಡಕ್ಕೂ ಒಗ್ಗಿತು. ಲ್ಯಾಪ್‌ಟಾಪನ್ನು ಅಂಗಡಿಯ ಕಂಪ್ಯೂಟರ್ ಪಕ್ಕದಲ್ಲೇ ಇಟ್ಟುಕೊಂಡು, ಗೇಣುದ್ದದ ದೂರಸಂಪರ್ಕವನ್ನು ವಾರವಿಡೀ ಪರೀಕ್ಷೆ ಮಾಡಿದೆ. ಹೊರಡುವ ಸಂಜೆ ಕಂಪ್ಯೂಟರ್ ಆರಿಸದೆ ಬಿಟ್ಟೆ.

ಹಬ್ಬದ ದಿನ ಲಾರಿ ದಾರಿಯಲ್ಲಿ, ಗಂಡಸಿ ಊರ ಹತ್ತಿರ ಕೆಟ್ಟು ನಿಂತಿತು. ಸರಕು ಬೇರೆ ಲಾರಿಗೆ ಏರಿದೆ, ಹೊಸ ಲಾರಿಯ ನಂಬರಿನ ಬಿಲ್ಲು ಬೇಕು ಎಂದು ಫೋನ್. ನಾನು ಹಜಾರದ ನಡುವೆ ಲ್ಯಾಪ್‌ಟಾಪ್ ತೆರೆದು, ನೋಡಲಿ ಎಂದು ಭಾವಮೈದುನರನ್ನೂ ಕರೆದೆ. ಅಂಗಡಿಯ ಕಂಪ್ಯೂಟರ್ ಆಫ್‌ಲೈನ್ ಎಂದಿತು ಪರದೆ. ಮಾದಿಹಳ್ಳಿಯ ನೆಟ್‌ವರ್ಕನ್ನು ಬೈದೆ, ತಾರಸಿ ಹತ್ತಿದೆ, ಸಾಫ್ಟ್‌ವೇರ್ ಬರೆದವರ ವಂಶವನ್ನೇ ಜಾಲಾಡಿದೆ. ಆಮೇಲೆ ನೆನಪಾಯಿತು. ಕೊಬ್ಬರಿ, ಗೋಣಿಚೀಲ ತುಂಬಿದ ಅಂಗಡಿಗೆ ಬೆಂಕಿಯ ಭಯ. ಮೇನ್ ಸ್ವಿಚ್ ಇಳಿಸಿ, ಹೊಸ್ತಿಲಿಗೆ ಕೈಮುಗಿದು ಬೀಗ ಹಾಕುವುದು ಅಜ್ಜನ ಕಾಲದ ಕಟ್ಟಳೆ. ಮೇನ್ ಹಾಕಿದ್ದರೆ ಮನೆಯವರೊಬ್ಬರು ಒಳಗೆ ಇರಲೇಬೇಕು. ಹಿಂದಿನ ಸಂಜೆ ನನ್ನ ಕೈ ನನ್ನನ್ನು ಕೇಳದೆಯೇ ಕಟ್ಟಳೆ ಪಾಲಿಸಿತ್ತು.

ಅರಸೀಕೆರೆಯಲ್ಲಿದ್ದ ಅಪ್ಪನಿಗೆ ಫೋನ್ ಮಾಡಿದೆ. ಅವರು ಹೋಗಿ ಬೀಗ ತೆಗೆದು, ಮೇನ್ ಹಾಕಿ, ಕಂಪ್ಯೂಟರ್ ಗುಂಡಿ ಒತ್ತಿದರು. ನಾನು ಕೂತಲ್ಲಿಂದಲೇ ಮಾಡಿದ ಬಿಲ್ಲು ಹೋಯಿತು. ನಾನು ಎಲೆ ಮುಂದೆ ಕೂತು, ಹೋಳಿಗೆಗೆ ತುಪ್ಪ ಬಡಿಸಿಕೊಳ್ಳುತ್ತ, ಎರಡು ಬೇರೆ ಆಪರೇಟಿಂಗ್ ಸಿಸ್ಟಂಗಳಿಗೆ ಸಂಬಂಧ ಕುದುರಿಸುವುದು ಹೇಗೆಂದು ಭಾಷಣ ಬಿಗಿಯುತ್ತಿದ್ದೆ. ಹೆಂಡತಿಯ ಮುಖ ಅರಳಿತ್ತು. ಅಷ್ಟರಲ್ಲಿ ಅವಳು, ಅರಸೀಕೆರೆಯಲ್ಲಿ ಮಾವನವರ ಊಟ ಆಯಿತೇ ಎಂದು ಕೇಳಿದಳು. ಕೆಲಸ ಮುಗಿಯಿತೆಂದು ನಾನು ಅಪ್ಪನಿಗೆ ಹೇಳಿಯೇ ಇರಲಿಲ್ಲ.

ಎಡಗೈಯಲ್ಲೇ ಫೋನ್ ಮಾಡಿದೆ. ಅವರಿನ್ನೂ ಅಂಗಡಿಯಲ್ಲೇ ಇದ್ದರು.

“ಆ ಬಾಣದ ಗುರ್ತು ಓಡಾಡ್ತಿತ್ತು, ಆಮೇಲೆ ನಿಂತೋಯ್ತು ಕಣೋ. ಉಣ್ಣಕ್ಕೆ ಎದ್ದೋಗಿದ್ದೀಯ, ಬಂದು ಮಾಡ್ತೀಯ ಅಂತ ಅದನ್ನೇ ನೋಡ್ತಾ ಕೂತಿದ್ದೆ. ನಿಧಾನಕ್ಕೆ ಉಣ್ಣು, ನಾನಿಲ್ಲೇ ಇರ್ತೀನಿ.”

ಕೈಯಲ್ಲಿದ್ದ ಹೋಳಿಗೆಯನ್ನು ಎಲೆಗೇ ಇಳಿಸಿದೆ. ಕೆಲಸ ಮುಗಿದಿದೆ, ಮೇನ್ ಇಳಿಸಿ ಮನೆಗೆ ಹೋಗಿ ಎಂದೆ. ಹೆಂಡತಿ ಎಲ್ಲ ಕೇಳಿಸಿಕೊಂಡಿದ್ದಳು. ಒಳಗೆ ಹೋಗಿ ಡಬ್ಬಿ ತುಂಬ ಹೋಳಿಗೆ ಹಾಕಿಕೊಂಡು ಬಂದು, ಕಾರಿನ ಕೀಯನ್ನು ನನ್ನ ಎಲೆ ಪಕ್ಕದಲ್ಲಿಟ್ಟಳು.

“ಏಳ್ರೀ,” ಎಂದಳು. “ನಾನೂ ಬತ್ತೀನಿ.”