ಎರಡನೆಯ ಮರಿ

೧೯೨೩ರಲ್ಲಿ ನಾಲ್ಕನೆಯ ಇಯತ್ತೆಯನ್ನು ಅರ್ಧಕ್ಕೇ ಬಿಟ್ಟು ನಾನು ಸೊಲ್ಲಾಪುರದ ಸಾಲಿಯಿಂದ ಹೊರಬಿದ್ದೆ. ಊರಿಗೆ ಬಂದ ಸಂಜೆ ಕಾಕಾ ತನ್ನ ಬಲಗೈ ಹೆಬ್ಬೆರಳನ್ನು ನನ್ನ ಬಾಯೊಳಗೆ ಹಾಕಿ, ಕೆಳದವಡೆ ಒತ್ತಿ ಹಿಡಿದು ಹಲ್ಲು ನೋಡಿದ. ಆ ಬೆರಳಿಗೆ ಉಗುರಿರಲಿಲ್ಲ. ಉಗುರಿದ್ದ ಜಾಗದಲ್ಲಿ ಹುಣಸೆ ಬೀಜದಷ್ಟು ಕಪ್ಪಗೆ, ಗಟ್ಟಿಯಾಗಿ ತೊಗಲು ಬೆಳೆದಿತ್ತು. ಕುರಿಯ ಜಿಡ್ಡು, ತಂಬಾಕು, ಕೆಮ್ಮಣ್ಣು ಮೂರೂ ಕೂಡಿದ ಅದರ ರುಚಿ ಇವತ್ತಿಗೂ ನನ್ನ ನಾಲಿಗೆಯ ಮೇಲಿದೆ.

"ಹಲ್ಲ ಚಲೋ ಅವ. ಹತ್ತು ವರ್ಷ ಮೇಯ್ತದ," ಎಂದು ಅವ್ವನಿಗೆ ಹೇಳಿ, ಬೆರಳನ್ನು ಧೋತರಕ್ಕೆ ಒರೆಸಿಕೊಂಡ.

ಕಾಕಾ ನನ್ನ ಅಪ್ಪನ ತಮ್ಮ. ಅಪ್ಪ ತನ್ನ ಪಾಲಿನ ಕುರಿಗಳನ್ನು ಎಂದೋ ಅವನಿಗೆ ಮಾರಿ ಗಿರಣಿ ಸೇರಿದ್ದ. ಹತ್ತಿಯ ಧೂಳು ಎದೆಗೆ ಹೊಕ್ಕು, ಕೆಮ್ಮಿ ಕೆಮ್ಮಿ ತೀರಿಕೊಂಡ. ಅವ್ವನೂ ನಾನೂ ಕರಜಗಿ ಹತ್ತಿರದ ನಮ್ಮ ಹಟ್ಟಿಗೆ ಮರಳಿದಾಗ ಅಲ್ಲಿ ನಮ್ಮದೆನ್ನುವ ಒಂದು ಬಾಲವೂ ಉಳಿದಿರಲಿಲ್ಲ. ಗಂಡುಮಕ್ಕಳಿಲ್ಲದ ಕಾಕಾ ನಮ್ಮನ್ನು ಒಳಗೆ ಕರೆದುಕೊಂಡದ್ದು ದಯೆಯಿಂದಲ್ಲ, ಕಾಯುವ ಕೈ ಬೇಕಾಗಿತ್ತು. ಅದನ್ನು ಅವನೇ ಬಾಯಿಬಿಟ್ಟು ಹೇಳಿದ. ಮುಚ್ಚಿಡುವ ಅಭ್ಯಾಸ ಅವನಿಗಿರಲಿಲ್ಲ.

ಅವನು ಕೂತು ಉಂಡದ್ದನ್ನು ನಾನು ಕಂಡಿಲ್ಲ. ರೊಟ್ಟಿಯ ಮೇಲೆ ಖಾರ ಇಟ್ಟುಕೊಂಡು, ಹಿಂಡಿನ ಕಡೆ ಮುಖ ಮಾಡಿ ನಿಂತೇ ತಿನ್ನುತ್ತಿದ್ದ. ಬೀರಪ್ಪನಿಗೆ ಕೈ ಮುಗಿಯುವಾಗಲೂ ಒಂದು ಕಣ್ಣು ಕುರಿಯ ಮೇಲೆ. ಯಾವ ಕುರಿಗೂ ಹೆಸರಿಡಲು ಬಿಡುತ್ತಿರಲಿಲ್ಲ. "ಹೆಸರ ಇಟ್ಟರ ಕೊಡೂ ಮುಂದ ಕೈ ನಡಗ್ತದ," ಅನ್ನುತ್ತಿದ್ದ. ನನಗೆ ಮಾತ್ರ ಒಂದು ಹೆಸರಿಟ್ಟ: ಮಾಸ್ತರ. ಸಾಲಿ ಬಿಟ್ಟವನನ್ನು ಹಾಗೆ ಕರೆದರೆ ಎಲ್ಲಿ ಉರಿಯುತ್ತದೆ ಎಂದು ಅವನಿಗೆ ಗೊತ್ತಿತ್ತು.

ನಮ್ಮಲ್ಲಿ ಕುರಿಯ ವರ್ಷ ಶುರುವಾಗುವುದು ದಸರೆಗೆ. ಹಿಂಗಾರಿ ಜೋಳ ಬಿತ್ತಿ ಮುಗಿದಿರುತ್ತದೆ, ಸಜ್ಜೆ ಕೊಯ್ದ ಹೊಲಗಳು ಮೇಯಲು ತೆರೆದಿರುತ್ತವೆ. ಮೊದಲು ಉಣ್ಣೆ ಕತ್ತರಿಸುವುದು. ಆಮೇಲೆ ಆರಿಸುವುದು. ಕೊನೆಗೆ ಟಗರು ಬಿಡುವುದು. ಮಳೆಗಾಲವಿಡೀ ಟಗರುಗಳ ಹೊಟ್ಟೆಯ ಕೆಳಗೆ ಕಾಕಾ ಗೋಣಿತಟ್ಟು ಕಟ್ಟಿಡುತ್ತಿದ್ದ, ಕುರಿಯ ಮೇಲೆ ಹತ್ತಿದರೂ ಏನೂ ಆಗದಂತೆ. ದಸರೆ ಮುಗಿದ ಮೇಲೆ ಒಂದು ಬೆಳಿಗ್ಗೆ ಅದನ್ನು ಬಿಚ್ಚಿದರೆ ಹೋಳಿಯ ಸುತ್ತಮುತ್ತ ಮರಿಗಳೆಲ್ಲ ಒಟ್ಟಿಗೇ ಬೀಳುತ್ತಿದ್ದವು.

ಮೊದಲ ವರ್ಷ ನಾನು ಕತ್ತರಿ ಹಿಡಿದಾಗ ಕುರಿಯ ತೊಗಲು ಕುಯ್ದುಹೋಯಿತು. ಕಾಕಾ ಬಂದು ಗಾಯಕ್ಕೆ ಅರಿಷಿಣ, ಬೂದಿ ಹಚ್ಚಿದ. ಆಮೇಲೆ ನನ್ನ ಎಡ ಮುಂಗೈ ಹಿಡಿದು, ಅದೇ ಕತ್ತರಿಯ ತುದಿಯಿಂದ ಅಷ್ಟೇ ಉದ್ದ ಗೀರಿದ.

"ಹ್ಯಾಂಗ ಅನಸ್ತದ ಗೊತ್ತಾತಲ್ಲ, ಮಾಸ್ತರ? ಇದನ್ನ ಸಾಲ್ಯಾಗ ಹೇಳಿಕೊಡಂಗಿಲ್ಲ."

ಕೈಯಲ್ಲಿ ಉಳಿದ ಅರಿಷಿಣವನ್ನು ನನ್ನ ಗೀರಿಗೆ ಒತ್ತಿದ. ಕುರಿಗೆ ಮೊದಲು, ನನಗೆ ಆಮೇಲೆ. ಆ ದಸರೆಯಲ್ಲಿ ಹೀಗೆ ಏಳು ಸಲ ಆಯಿತು. ಎಂಟನೆಯ ಸಲ ಆಗಲಿಲ್ಲ. ಇವತ್ತು ನಾನು ಉಣ್ಣೆ ಕತ್ತರಿಸಿದ ಕುರಿಯ ಮೈಮೇಲೆ ಒಂದು ಹನಿ ರಕ್ತ ತೋರಿಸಿದವನಿಗೆ ಆ ಕುರಿಯನ್ನೇ ಹೊಡೆದುಕೊಂಡು ಹೋಗು ಅನ್ನುತ್ತೇನೆ. ಇನ್ನೂ ಯಾರೂ ಹೊಡೆದುಕೊಂಡು ಹೋಗಿಲ್ಲ.

ಆರಿಸುವ ದಿನ ಅವನನ್ನು ನೋಡಬೇಕಿತ್ತು. ಮುಳ್ಳುಬೇಲಿಯಲ್ಲಿ ಒಂದು ಕುರಿ ಮಾತ್ರ ಹಾಯುವಷ್ಟು ಕಂಡಿ ಬಿಟ್ಟು ಅಲ್ಲಿ ನಿಲ್ಲುತ್ತಿದ್ದ. ಬಂದ ಕುರಿಯ ಬಾಯಿಗೆ ಹೆಬ್ಬೆರಳು, ಕೆಚ್ಚಲಿಗೆ ಎಡಗೈ. ಹಲ್ಲು ಸವೆದದ್ದು, ಗಬ್ಬ ನಿಲ್ಲದ್ದು, ಕೆಚ್ಚಲು ಕಲ್ಲಾದದ್ದು, ಇವುಗಳ ಬೆನ್ನಿನ ಮೇಲೆ ಕೆಮ್ಮಣ್ಣಿನ ಒಂದು ಪಟ್ಟೆ. ಪಟ್ಟೆ ಬಿದ್ದದ್ದು ಆವತ್ತೇ ಸೊಲ್ಲಾಪುರದ ಕಟುಕನ ಜೊತೆ ಹೋಗುತ್ತಿತ್ತು. ಒಂದು ಕುರಿಯ ಮುಂದೆ ಅವನು ಎರಡು ಉಸಿರಿಗಿಂತ ಹೆಚ್ಚು ಹೊತ್ತು ನಿಂತದ್ದಿಲ್ಲ.

ಆ ಮೊದಲ ವರ್ಷ, ಟಗರು ಬಿಟ್ಟ ದಿನ, ಅವ್ವ ಅವನ ಎದುರು ಬಂದು ನಿಂತಳು.

"ತಮ್ಮಾ, ಹುಡುಗ ಇಬ್ಬರು ಆಳಿನ ಕೆಲಸ ಮಾಡಾಕತ್ತಾನ. ಅವನ ಪಾಲಿಗಿ ಏನರೆ ಹಚ್ಚು."

"ಹಚ್ಚೂನಲ್ಲ. ಜೋಡಿ ಈದರ ಎರಡನೇದು ಅವಂದು."

ಪಕ್ಕದಲ್ಲಿದ್ದ ಇಬ್ಬರು ಆಳುಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ನಮ್ಮ ಕಡೆಯ ಕರಿಕುರಿ ಜೋಡಿ ಮರಿ ಹಾಕುವುದೇ ಅಪರೂಪ. ಹಾಕಿದರೂ ಎರಡನೆಯದಾಗಿ ಬೀಳುವುದು ಇಲಿಯಂಥದ್ದು, ಸಂಜೆಯೊಳಗೆ ಸಾಯುವಂಥದ್ದು. ಅವ್ವ ನಗಲಿಲ್ಲ.

"ಬೀರಪ್ಪನ ಮುಂದ ಹೇಳಿದಂಗ ಆತು," ಅಂದಳು.

"ಆತು," ಅಂದ ಕಾಕಾ.

ಆ ಹೋಳಿಯ ಹೊತ್ತಿಗೆ ಒಂದೇ ಒಂದು ಕುರಿ ಜೋಡಿ ಹಾಕಿತು. ಎರಡನೆಯದನ್ನು ತಾಯಿ ನೆಕ್ಕಲೂ ಇಲ್ಲ. ಕಾಕಾ ಅದರ ಹಿಂಗಾಲು ಹಿಡಿದೆತ್ತಿ ನನ್ನ ಮಡಿಲಿಗೆ ಒಗೆದ. "ತಗೋ, ನಿನ್ನ ಪಗಾರ." ಹೆಣ್ಣು ಮರಿ. ಆಮೇಲೆ ಅವ್ವನಿಗೆ ತವರಿನವರು ಕೊಟ್ಟಿದ್ದ ಆಡಿನ ಹಾಲಿನಲ್ಲಿ ಬಟ್ಟೆಯ ಬತ್ತಿ ಅದ್ದಿ ಅದ್ದಿ ಬಾಯಿಗಿಟ್ಟೆ. ಕಂಬಳಿಯೊಳಗೆ ಎದೆಗೆ ಕಟ್ಟಿಕೊಂಡು ತಿರುಗಿದೆ. ಬದುಕಿತು. ಕಾಕಾ ತನ್ನ ಕುರಿಗಳಿಗೆ ಎಡಗಿವಿ ಕತ್ತರಿಸಿ ಗುರುತು ಮಾಡುತ್ತಿದ್ದ. ಇದಕ್ಕೆ ತಾನೇ ಬಲಗಿವಿ ಕತ್ತರಿಸಿ, "ಬಲಗಿವಿ ಮಾಸ್ತರಂದು," ಎಂದು ಆಳುಗಳಿಗೆ ಹೇಳಿದ. ಕೊಟ್ಟ ಮಾತು ತಪ್ಪಿದ ಎಂದು ಅವನ ಮೇಲೆ ಯಾರೂ ಹೇಳಲಾರರು.

ಮುಂದಿನ ದಸರೆ ಬಂತು. ಜೋಡಿ ಹಾಕಿದ್ದ ಆ ತಾಯಿಕುರಿ ಕಂಡಿಗೆ ಬಂತು. ಹಲ್ಲು ನೋಡಿದ, ಕೆಚ್ಚಲು ಹಿಡಿದ, ಎರಡೂ ಚೊಕ್ಕಟ. ಬಿಟ್ಟ ಎಂದುಕೊಂಡೆ. ಬೆನ್ನಿನ ಮೇಲೆ ಪಟ್ಟೆ ಎಳೆದ.

ಕಟುಕನೇ ಕೇಳಿದ: "ಏನ್ ಮಾಮಾ, ಹಲ್ಲ ಹಾಲಿನಂಗ ಅವ. ಇದನ್ಯಾಕ ಕೊಡತೀರಿ?"

"ನೀ ತಗೊಳಾಂವ. ಕೇಳಾಂವ ಅಲ್ಲ."

"ಕಾಕಾ, ಇದು ಜೋಡಿ ಈದದ್ದು," ಅಂದೆ ನಾನು.

"ಅದಕ್ಕ ಹೊಂಟದ. ಎರಡಕ್ಕ ಹಾಲ ಸಾಲಂಗಿಲ್ಲ. ಮರಿ ಎರಡೂ ಸೊರಗ್ತಾವ, ಬ್ಯಾಸಗ್ಯಾಗ ತಾಯಿನೂ ಬೀಳ್ತದ. ಸರಿ ಆಚಿಗಿ, ಹಿಂದಿಂದು ಬರಲಿ."

ಆ ವರ್ಷವೂ ಹಾಗೇ, ಅದರ ಮುಂದಿನ ವರ್ಷವೂ ಹಾಗೇ. ಜೋಡಿ ಹಾಕಿದ ಕುರಿ ಎರಡನೆಯ ದಸರೆ ಕಾಣಲಿಲ್ಲ. ಕಾಕಾ ಹೇಳುವುದು ಸುಳ್ಳಲ್ಲ ಎಂದು ಒಂದು ಮನಸ್ಸು. ಮೇವಿಲ್ಲದ ನಮ್ಮ ನೆಲದಲ್ಲಿ ಜೋಡಿಗೆ ಹಾಲು ಸಾಲದ್ದನ್ನು ನಾನೇ ಕಂಡಿದ್ದೆ. ಆದರೆ ಆಳುಗಳು ನನ್ನನ್ನು ನೋಡಿ ಕಣ್ಣು ಹೊಡೆಯುತ್ತಿದ್ದರು. ಅವ್ವ ರೊಟ್ಟಿ ಬಡಿಯುತ್ತ ಹೇಳುತ್ತಿದ್ದಳು: "ಅಂವ ಕುರಿ ಮಾರಾಕತ್ತಿಲ್ಲ. ನಿನ್ನ ಪಗಾರ ಮಾರಾಕತ್ತಾನ."

ತನಗೆ ಬೇಕಾದದ್ದರ ಮೇಲೂ ಕಾಕಾ ಅಷ್ಟೇ ಕಠಿಣನಾಗಿದ್ದ. ಅವನದೊಂದು ದೊಡ್ಡ ಟಗರಿತ್ತು. ಕೊರಳಿಗೆ ಹಿತ್ತಾಳೆಯ ಗಂಟೆ. ಅವನ ಕೈಯಿಂದಲ್ಲದೆ ಹಿಂಡಿ ತಿನ್ನುತ್ತಿರಲಿಲ್ಲ. ಒಂದು ದಸರೆಯಲ್ಲಿ ಗೋಣಿತಟ್ಟು ಬಿಚ್ಚಿದಾಗ ಅದು ಒಂದೆರಡು ಕುರಿ ಮೂಸಿ, ಹತ್ತದೆ, ಬೇಲಿಯ ನೆರಳಿಗೆ ಹೋಗಿ ನಿಂತಿತು. ಕಾಕಾ ಅದಕ್ಕೂ ಪಟ್ಟೆ ಎಳೆದ. ಕಟುಕ ಹಗ್ಗ ಹಾಕಿ ಎಳೆದರೂ ಅದು ಕಾಲು ಕೀಳಲಿಲ್ಲ. ಆಗ ಕಾಕಾ ಮುಂದೆ ನಡೆದ. ಅದು ಅವನ ಹಿಂದೆ ಸುಮ್ಮನೆ ಹೋಯಿತು. ಅಕ್ಕಲಕೋಟೆಯ ತನಕ ತಾನೇ ನಡೆಸಿಕೊಂಡು ಹೋಗಿ ಕೊಟ್ಟು ಬಂದ. ಕೈಯಲ್ಲಿ ಗಂಟೆ ಇತ್ತು. ಅದನ್ನು ಇನ್ನೊಂದು ಟಗರಿಗೆ ಕಟ್ಟಿ, ನಿಂತುಕೊಂಡೇ ಎರಡು ರೊಟ್ಟಿ ತಿಂದ.

ನನ್ನ ಇಲಿಮರಿ ದೊಡ್ಡದಾಗಿ ತಾನೂ ಜೋಡಿ ಹಾಕಿತು. ಎರಡಕ್ಕೂ ಆಡಿನ ಹಾಲು ಕೂಡಿಸಿ ಕುಡಿಸಿ ಉಳಿಸಿಕೊಂಡೆ. ಅಷ್ಟರಲ್ಲಿ ಬಲಗಿವಿ ಕತ್ತರಿಸಿದವು ಬೆರಳಿನ ಮೇಲೆ ಎಣಿಸುವಷ್ಟು ಆಗಿದ್ದವು. ಆ ದಸರೆಯಲ್ಲಿ ಅದು ಕಂಡಿಗೆ ಬಂದಾಗ ಕಾಕಾ ಅದರ ಬೆನ್ನಿಗೂ ಬೆರಳು ಎಳೆದ.

"ಕಾಕಾ, ಬಲಗಿವಿ ನೋಡು."

"ನೋಡೀನಿ. ಮೇಯೂದು ನನ್ನ ಹಿಂಡಿನ್ಯಾಗ. ಕಂಡಿ ನಂದು."

"ಇದನ್ನ ಕೊಡಂಗಿಲ್ಲ ನಾ."

ಕಾಕಾ ಕೆಮ್ಮಣ್ಣಿನ ಬಟ್ಟಲಿಗೆ ಬೆರಳು ಅದ್ದಿ, ನನ್ನ ಭುಜ ಹಿಡಿದು ತಿರುಗಿಸಿ, ಅಂಗಿಯ ಬೆನ್ನಿನ ಮೇಲೆ ಒಂದು ಪಟ್ಟೆ ಎಳೆದ.

"ಹಂಗಾರ ಬಲಗಿವಿ ಇದ್ದದ್ದೆಲ್ಲಾ ಹೊರಗ. ನೀನೂ."

ಆವತ್ತೇ ಹೊರಟೆವು. ಅವ್ವನ ತವರು ಮಂಗಳವೇಢೆ ಕಡೆಯ ಸಲಗರ. ಮುಂದೆ ನಾನು, ನಡುವೆ ಕುರಿಗಳು, ಹಿಂದೆ ಆಡು ಹಿಡಿದುಕೊಂಡು ಅವ್ವ. ದಾರಿಯುದ್ದಕ್ಕೂ ಆ ಪಟ್ಟೆ ನನಗೆ ಕಾಣಲಿಲ್ಲ. ಅವ್ವನಿಗೆ ಮಾತ್ರ ಕಾಣುತ್ತಿತ್ತು.

ಸಲಗರದಲ್ಲಿ ನಾನು ಕಾಕಾನ ಕೆಲಸವನ್ನೆಲ್ಲ ಕಾಕಾನ ಹಾಗೆಯೇ ಮಾಡಿದೆ. ಅದೇ ಗೋಣಿತಟ್ಟು, ಅದೇ ಕಂಡಿ, ಅದೇ ಕೆಮ್ಮಣ್ಣು. ಒಂದನ್ನು ಮಾತ್ರ ತಿರುಗಿಸಿದೆ: ಜೋಡಿ ಹಾಕಿದ್ದನ್ನು ಇಟ್ಟುಕೊಂಡೆ, ಎರಡನೆಯ ಮರಿಗಾಗಿಯೇ ಆಡು ಸಾಕಿದೆ. ತಾಯಿಯ ಗುಣ ಮಗಳಿಗೆ ಇಳಿಯಿತು. ಸುತ್ತಿನ ಹಳ್ಳಿಯವರು ನನ್ನ ಹಿಂಡನ್ನು ಜೋಡಿ ಹಿಂಡು ಅನ್ನತೊಡಗಿದರು. ಯಾರ ಮುಂದೆಯೂ ಕೈ ಚಾಚದೆ ಮಾಡಿದ್ದು ಅದು, ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಮೂವತ್ತರ ದಶಕ ಅರ್ಧ ದಾಟಿದ ಮೇಲೆ ಒಂದು ಮಳೆಗಾಲದಲ್ಲಿ ಕರಜಗಿ ಕಡೆ ಬೇನೆ ಬಿದ್ದು ಕಾಕಾನ ಹಿಂಡೆಲ್ಲ ಸತ್ತು ಹಟ್ಟಿ ಬರಿದಾಯಿತು. ದಸರೆಗೆ ಮುಂಚೆ ಒಂದು ಮಧ್ಯಾಹ್ನ ಅವನು ನನ್ನ ಬೇಲಿಯ ಹೊರಗೆ ನಿಂತಿದ್ದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಆ ಹಿತ್ತಾಳೆಯ ಗಂಟೆ. ಮತ್ತೇನೂ ಇರಲಿಲ್ಲ.

"ಕೆಲಸ ಅದ ಏನೋ, ಮಾಸ್ತರ?"

"ಅದ."

"ಏನ ಕೊಡತಿ?"

"ಜೋಡಿ ಈದರ ಎರಡನೇದು ನಿಂದು."

ಒಲೆಯ ಮುಂದೆ ಅವ್ವನ ರೊಟ್ಟಿ ಬಡಿಯುವ ಸದ್ದು ನಿಂತಿತು. ಕಾಕಾ ಬಾಯಿ ತೆರೆದು ನಕ್ಕ. ಒಳಗೆ ಒಂದು ಹಲ್ಲೂ ಇರಲಿಲ್ಲ.

"ಚಲೋ ಕಲತಿ. ಆದ್ರ ನಿನ್ನ ಹಿಂಡು ಸುಮ್ನ ಸುಮ್ನ ಜೋಡಿ ಹಾಕ್ತದಂತ. ಸಾವಕಾರ ಆಗಿಬಿಡತೀನಲ್ಲೋ ನಾ."

"ಆಗು."

ಉಣ್ಣೆ ಕತ್ತರಿಸಿದ್ದಾಯಿತು. ಆರಿಸುವ ದಿನ ನಾನು ಕಂಡಿಯಲ್ಲಿ ಅವನನ್ನೇ ನಿಲ್ಲಿಸಿದೆ. ಅವನ ಎದುರು ಆ ಕೆಲಸ ಮಾಡುವ ಮನಸ್ಸು ನನಗೆ ಬರಲಿಲ್ಲ. ಕುರಿಗಳು ಒಂದೊಂದಾಗಿ ಬಂದವು. ಬಾಯಿಗೆ ಹೆಬ್ಬೆರಳು, ಕೆಚ್ಚಲಿಗೆ ಎಡಗೈ. ಪ್ರತಿ ಕುರಿಗೂ ಒಂದೇ ಮಾತು ಕೇಳುತ್ತಿದ್ದ: "ಹ್ವಾದ ಸಲ ಎಷ್ಟು ಹಾಕಿತ್ತು?" ಎರಡು ಅಂದೆ. ಪಟ್ಟೆ ಎಳೆದ. ಮುಂದಿನದು, ಎರಡು ಅಂದೆ. ಪಟ್ಟೆ.

"ಕಾಕಾ, ಅದು ನಿನ್ನ ಪಗಾರ."

"ಎರಡಕ್ಕ ಹಾಲ ಸಾಲಂಗಿಲ್ಲ."

ಅದೇ ದನಿ. ನನಗೆ ಹೇಳಿದ್ದನ್ನೇ ಹೇಳಿದ, ಅಷ್ಟೇ ಗಟ್ಟಿಯಾಗಿ.

"ಇಲ್ಲಿ ಸಾಲ್ತದ. ಆಡು ಅವ."

"ಹಿಂಡು ನಿಂದು. ಬೇಕಾದ್ದ ಇಟ್ಕೋ. ಬೆರಳು ನಂದು."

ಪಟ್ಟೆ ಬಿದ್ದ ಜೋಡಿಕುರಿಗಳನ್ನು ನಾನು ಒಂದೊಂದಾಗಿ ಹಿಡಿದು ತಿರುಗಿ ಹಿಂಡಿಗೆ ಸೇರಿಸಿದೆ. ಅವನು ನನ್ನ ಕಡೆ ನೋಡಲೂ ಇಲ್ಲ, ಹಿಂದಿನದು ಬರಲಿ ಅಂದ.

ಹೋಳಿಯ ಹೊತ್ತಿಗೆ ಅವನ ಪಾಲಿಗೆ ಒಂಬತ್ತು ಹೆಣ್ಣು ಮರಿ ಉಳಿದವು. ನಾನು ಕತ್ತರಿ ತಂದು, ಯಾವ ಕಿವಿ ಎಂದು ಕೇಳಿದೆ. "ಬಿಡು. ಗುರುತ ಹಾಕೂದು ಇರೂ ಮಂದಿ ಕೆಲಸ," ಅಂದ. ಚೈತ್ರದಲ್ಲಿ ಹಾಸಿಗೆ ಹಿಡಿದ. ಕೂತು ಉಣ್ಣುವುದನ್ನು ಆಗಲೂ ಕಲಿಯಲಿಲ್ಲ. ನಿಲ್ಲಲಾಗದ ದಿನ ಊಟವನ್ನೇ ಬಿಟ್ಟ. ಅವ್ವ ಗಂಜಿ ಹಿಡಿದು ಅವನ ತಲೆಯ ಹತ್ತಿರ ಕೂತು, ಅಷ್ಟು ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡಿದ್ದನ್ನು ಕೇಳಿಬಿಟ್ಟಳು.

"ತಮ್ಮಾ, ಖರೇ ಹೇಳು. ಆವಾಗ ಜೋಡಿಕುರಿ ಮಾರಿದ್ದು ಹಾಲ ಸಾಲಲಿಲ್ಲಂತೋ, ನನ್ನ ಮಗಗ ಕೊಡಬಾರದಂತೋ?"

ಕಾಕಾ ಕಣ್ಣು ತೆರೆದು ಅವಳನ್ನಲ್ಲ, ನನ್ನನ್ನು ನೋಡಿದ.

"ಕುರಿ ಕೇಳಲಿಲ್ಲ. ನೀವ್ಯಾಕ ಕೇಳತೀರಿ."

ಗಂಜಿ ಕುಡಿಯಲಿಲ್ಲ. ಮರುದಿನ ಹಿಂಡು ಬಿಡುವ ಹೊತ್ತಿಗೆ ತೀರಿಹೋಗಿದ್ದ.

ಅವ್ವ ಅವನನ್ನು ಈಗಲೂ ಬಯ್ಯುತ್ತಾಳೆ. ನಾನು ಬಯ್ಯಲೂ ಆರೆ, ಹೊಗಳಲೂ ಆರೆ. ಕಂಡಿಯಲ್ಲಿ ನಿಂತು ಕುರಿಯ ಬಾಯಿಗೆ ಬೆರಳು ಹಾಕಿದಾಗಲೆಲ್ಲ ಅವನು ನನ್ನ ಕೈಯಲ್ಲೇ ಇರುತ್ತಾನೆ.

ಈಗ ನನ್ನ ಹತ್ತಿರ ಇರುವುದು ಇಷ್ಟು: ಬಲಗಿವಿ ಕತ್ತರಿಸಿದ ಕುರಿ ನೂರಾ ಹದಿನಾರು. ಟಗರು ನಾಲ್ಕು. ಆಡು ಆರು. ಹಿತ್ತಾಳೆಯ ಗಂಟೆ ಒಂದು. ಮುಂಗೈ ಮೇಲೆ ಗೀರು ಏಳು. ಕಿವಿ ಕತ್ತರಿಸದ ಕುರಿ ಒಂಬತ್ತು.