ಮಗುವಿನ ತೂಕದ ಅಕ್ಕಿ

ಮಗುವನ್ನು ತಕ್ಕಡಿಯ ಒಂದು ತಟ್ಟೆಯಲ್ಲಿ ಮಲಗಿಸಿ ತೂಕದ ಕಲ್ಲಿಗೆ ಕೈಹಾಕಿದೆ. ಅಷ್ಟರಲ್ಲಿ ಅದರ ತಾಯಿ ಬಟ್ಟೆಯ ಗಂಟು ಬಿಚ್ಚಿ, ಆಗಷ್ಟೇ ತಂದಿದ್ದ ವಾರದ ರೇಷನ್ ಅಕ್ಕಿಯನ್ನು ಇನ್ನೊಂದು ತಟ್ಟೆಗೆ ಸುರಿಯತೊಡಗಿದಳು.

ಮಹಾಯುದ್ಧ ಮುಗಿದರೂ ಅಕ್ಕಿಯ ಬರ ಮುಗಿಯದ ದಿನಗಳು. ಮುಳ್ಳೇರಿಯದ ಗಂಜಿ ಕೇಂದ್ರಕ್ಕೆ ಬರುವ ಮಕ್ಕಳು ಎಷ್ಟು ಸೊರಗಿದ್ದಾರೆಂದು ತೂಗಿ ನೋಡುವುದು ನನ್ನ ಕೆಲಸವಾಗಿತ್ತು.

"ಇದೆಂತದ್ದು?" ಎಂದೆ.

"ಮಗುವನ್ನ ತೂಗಿದ ಮೇಲೆ ಅಷ್ಟೇ ತೂಕದ್ದು ದೇವರಿಗೆ ಕೊಡದೆ ಇಳಿಸ್ಲಿಕ್ಕೆ ಉಂಟಾ ಅಮ್ಮ?"

ಮಗುವನ್ನು ತೂಗುವುದೆಂದರೆ ಅವಳ ಪಾಲಿಗೆ ತುಲಾಭಾರ. ನಾನು ತಡೆಯುವ ಮೊದಲೇ ತಟ್ಟೆಗಳು ಸಮವಾದವು. ಗಂಟಿನಲ್ಲಿ ಒಂದಿಷ್ಟು ಅಕ್ಕಿ ಇನ್ನೂ ಇತ್ತು. ಅವಳ ಮುಖ ಅರಳಿತು.

"ಮಗು ಹಗುರ ಇದ್ದದ್ದು ಒಳ್ಳೇದಾಯ್ತು. ರಾತ್ರಿಯ ಗಂಜಿಗೆ ಉಳೀತು."

ನಾನು ತಟ್ಟೆಯ ಅಕ್ಕಿಯನ್ನು ಅವಳ ಗಂಟಿಗೇ ಸುರಿದು, "ದೇವರಿಗೆ ಸಂದಿತು. ಇದು ಪ್ರಸಾದ, ಮನೆಯಲ್ಲೇ ಉಣ್ಣಬೇಕು" ಎಂದೆ. ಪ್ರಸಾದ ಕೊಡುವ ಅಧಿಕಾರ ನನಗೆ ಯಾರು ಕೊಟ್ಟಿದ್ದರೋ! ಅವಳು ಗಂಟನ್ನು ಕಣ್ಣಿಗೊತ್ತಿಕೊಂಡು ಹೋದಳು.

ಆಮೇಲೆ ಎಷ್ಟೋ ನಿರಾಶ್ರಿತರ ಶಿಬಿರಗಳಲ್ಲಿ ಹಸಿದ ಮಕ್ಕಳನ್ನು ತೂಗುತ್ತಲೇ ನನ್ನ ಉದ್ಯೋಗದ ವರ್ಷಗಳು ಕಳೆದವು. ಎಲ್ಲ ಕಡೆಯೂ ಎದುರು ತಟ್ಟೆಗೆ ನಾನು ಇಟ್ಟದ್ದು ಕಬ್ಬಿಣದ ಕಲ್ಲು. ಕಣ್ಣಿಗೆ ಕಂಡದ್ದು ಅಕ್ಕಿ.